ಗೆಜ್ಜೆ ಬೇಡ ಅಂದವರು, ದಮ್ಮಡಿ ಹಿಡಿದವರು

ಕಳೆದ ಬೆಳೆ ಹಬ್ಬಕ್ಕೆ ನಮ್ಮ ಸಭೆಯ ಸಂಡೇ ಸ್ಕೂಲಿನ ಏಳು ಹೆಣ್ಣುಮಕ್ಕಳು 150ನೇ ಕೀರ್ತನೆಗೆ ಒಂದು ಕುಣಿತ ಕಲಿತಿದ್ದರು. ಮಂಜೇಶ್ವರದ ಕಡೆಯ ಸಣ್ಣ ಸಭೆ ನಮ್ಮದು. ಮಾತು ತುಳು, ಪ್ರಾರ್ಥನೆ ಕನ್ನಡ, ಅಂಗಡಿಯ ಬೋರ್ಡು ಮಲಯಾಳ. ಹಬ್ಬದ ಹಿಂದಿನ ಶನಿವಾರ ಸಂಜೆ ಅಭ್ಯಾಸ ನಡೆಯುವಾಗ ಹಿರಿಯರೊಬ್ಬರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಹಾಡು ಮುಗಿಯುವವರೆಗೆ ಏನೂ ಹೇಳಲಿಲ್ಲ. ಆಮೇಲೆ ಮಕ್ಕಳ ಕಾಲು ನೋಡಿ, "ಕುಣಿಯಿರಿ ಬೇಕಾದರೆ. ಗೆಜ್ಜೆ ಮಾತ್ರ ಬೇಡ. ಅದು ಗಗ್ಗರದ ಶಬ್ದ" ಅಂದರು.

ಗಗ್ಗರ ಅಂದರೆ ಭೂತ ಕೋಲದಲ್ಲಿ ಭೂತದ ವೇಷ ಹಾಕಿದವನು ಕಾಲಿಗೆ ಕಟ್ಟುವ ದಪ್ಪ ಕಡಗ. ಒಳಗೆ ಮಣಿಗಳಿರುತ್ತವೆ. ರಾತ್ರಿ ಎರಡು ಗದ್ದೆ ದಾಟಿ ಆ ಸದ್ದು ಕೇಳಿದರೆ ಇಲ್ಲಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಸಿಟ್ಟು ಬಂದಿತ್ತು. ಮನೆಗೆ ಬಂದು ಬೈಬಲ್ ತೆರೆದು ಕೂತೆ. ಅವರ ಮಾತಿಗೆ ಉತ್ತರ ಹುಡುಕಲು ಹೊರಟವನಿಗೆ ಮೊದಲು ಸಿಕ್ಕಿದ್ದು ಅವರ ಪರವಾದ ವಚನವೇ. ಯೆಶಾಯನ 3ನೇ ಅಧ್ಯಾಯದಲ್ಲಿ ಚೀಯೋನಿನ ಹೆಂಗಸರು ಕಾಲ್ಗೆಜ್ಜೆ ಝಣಗುಡಿಸುತ್ತಾ ಬೀಗಿ ನಡೆಯುವುದನ್ನು ಪ್ರವಾದಿ ಗದರಿಸುತ್ತಾನೆ. ಆದರೆ ವಿಮೋಚನಕಾಂಡದ 28ನೇ ಅಧ್ಯಾಯಕ್ಕೆ ಬಂದರೆ ಮಹಾಯಾಜಕನ ನಿಲುವಂಗಿಯ ಅಂಚಿಗೇ ಚಿನ್ನದ ಗೆಜ್ಜೆಗಳು ಹೊಲಿದಿವೆ. ಒಂದು ಗೆಜ್ಜೆ, ಒಂದು ದಾಳಿಂಬೆ, ಮತ್ತೆ ಒಂದು ಗೆಜ್ಜೆ. ಅವನು ಪವಿತ್ರ ಸ್ಥಳದೊಳಗೆ ಹೋಗುವಾಗ, ಹೊರಗೆ ಬರುವಾಗ ಆ ಶಬ್ದ ಕೇಳಲೇಬೇಕು, ಇಲ್ಲದಿದ್ದರೆ ಸಾಯುತ್ತಾನೆ ಅಂತ ಬರೆದಿದೆ. ಕೆಲವು ಹಾಳೆಗಳ ಅಂತರದಲ್ಲಿ ಅಲ್ಲ, ಎರಡು ಬೇರೆ ಕಾಲಗಳಲ್ಲಿ ಬರೆದ ಎರಡು ಪುಸ್ತಕಗಳಲ್ಲಿ ಒಂದೇ ಸದ್ದಿಗೆ ಎರಡು ಬೆಲೆ. ಅಲ್ಲಿಂದ ನನ್ನ ಸಿಟ್ಟು ಹೋಗಿ ಕುತೂಹಲ ಹಿಡಿಯಿತು.

ಹೀಬ್ರೂ ಭಾಷೆಯಲ್ಲಿ ಕುಣಿತಕ್ಕೆ ಒಂದೇ ಪದ ಇಲ್ಲ. ಜಾಸ್ತಿ ಬರುವ ‘ಮಾಹೋಲ್’, ‘ಮೆಹೋಲಾ’ ಎಂಬ ಪದಗಳು ಸುತ್ತು ತಿರುಗುವುದು, ಹೊರಳುವುದು ಎಂಬ ಅರ್ಥದ ಧಾತುವಿನಿಂದ ಬಂದವು. ಹೆರಿಗೆ ನೋವಿನಲ್ಲಿ ಹೆಂಗಸು ಹೊರಳಾಡುವುದಕ್ಕೂ ಅದೇ ಧಾತು. ‘ರಾಕದ್’ ಅಂದರೆ ಜಿಗಿಯುವುದು, ಕುಪ್ಪಳಿಸುವುದು. 114ನೇ ಕೀರ್ತನೆಯಲ್ಲಿ ಬೆಟ್ಟಗಳು ಟಗರುಗಳ ಹಾಗೆ ಜಿಗಿಯುವುದು ಈ ಪದದಿಂದ.

ಮೊದಲ ದೊಡ್ಡ ಕುಣಿತ ಮೋಶೆಯ ಅಕ್ಕ ಮಿರ್ಯಾಮಳದ್ದು. ಸಮುದ್ರ ದಾಟಿ, ಫರೋಹನ ರಥಗಳು ಮುಳುಗಿದ ಮೇಲೆ ಅವಳು ದಮ್ಮಡಿ ಎಂಬ ಕೈವಾದ್ಯ ಹಿಡಿದು ಹೊರಡುತ್ತಾಳೆ. ಹೆಂಗಸರೆಲ್ಲಾ ಅವಳ ಹಿಂದೆ ಕುಣಿಯುತ್ತಾ ಹೋಗುತ್ತಾರೆ. ಗೆದ್ದು ಬಂದ ಗಂಡಸರನ್ನು ಹೆಂಗಸರು ದಮ್ಮಡಿ ಬಡಿದು, ಕುಣಿದು ಎದುರುಗೊಳ್ಳುವುದು ಆ ನಾಡಿನ ಪದ್ಧತಿ. ಗೆದ್ದು ಬಂದರೆ ಮನೆಯಿಂದ ಎದುರು ಬಂದವರನ್ನು ಬಲಿ ಕೊಡುತ್ತೇನೆ ಅಂತ ಯೆಪ್ತಾಹ ಹರಕೆ ಹೊತ್ತಿದ್ದ; ಅವನ ಮಗಳು ಹಾಗೆ ಕುಣಿಯುತ್ತಾ ಬಂದದ್ದೇ ಅವಳ ಪ್ರಾಣಕ್ಕೆ ಮುಳುವಾಯಿತು. ರಾಜ ಸೌಲನ ಎದೆಯಲ್ಲಿ, ಅವನ ನಂತರ ರಾಜನಾದ ದಾವೀದನ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದೂ ಇಂಥ ಒಂದು ಮೆರವಣಿಗೆಯ ಹಾಡಿನಿಂದ.

ಮಿರ್ಯಾಮಳ ಕುಣಿತಕ್ಕೆ ಬಳಸಿದ ‘ಮೆಹೋಲಾ’ ಪದವೇ ಅದೇ ಪುಸ್ತಕದ 32ನೇ ಅಧ್ಯಾಯದಲ್ಲಿ ಇನ್ನೊಮ್ಮೆ ಬರುತ್ತದೆ. ಮೋಶೆ ಬೆಟ್ಟ ಇಳಿದು ಬರುವಾಗ ಜನ ಚಿನ್ನದ ಕರುವಿನ ಸುತ್ತ ಕುಣಿಯುತ್ತಿದ್ದಾರೆ. ಅವನು ಕಲ್ಲಿನ ಹಲಗೆಗಳನ್ನು ಎಸೆದು ಒಡೆಯುತ್ತಾನೆ. ಅದೇ ಜನ, ಅದೇ ಕಾಲು, ಅದೇ ಪದ. ಬೇರೆಯಾದದ್ದು ಯಾರ ಮುಂದೆ ಕುಣಿದರು ಅನ್ನುವುದು ಮಾತ್ರ. ಬೈಬಲ್ ಕುಣಿತವನ್ನು ಅಳೆಯುವುದು ಹೀಗೆ ಅಂತ ನನಗೆ ಅನಿಸುತ್ತದೆ. ಹೆಜ್ಜೆಯಲ್ಲಿ ಪಾಪ ಇಲ್ಲ, ಪುಣ್ಯವೂ ಇಲ್ಲ. ಹೆಜ್ಜೆ ಯಾರ ಕಡೆಗೆ ತಿರುಗಿದೆ ಅನ್ನುವುದೇ ಮುಖ್ಯ.

ದಾವೀದನ ಕಥೆಯ ಹತ್ತಿರ ನಾನು ತುಂಬ ಹೊತ್ತು ಕೂತೆ. ದೇವರ ಮಂಜೂಷವನ್ನು, ಅಂದರೆ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯನ್ನು, ಯೆರೂಸಲೇಮಿಗೆ ತರುವ ಮೊದಲ ಪ್ರಯತ್ನದಲ್ಲಿ ಎತ್ತುಗಳು ಎಡವಿ, ಮಂಜೂಷಕ್ಕೆ ಕೈಚಾಚಿ ಹಿಡಿದ ಉಜ್ಜ ಅಲ್ಲೇ ಸತ್ತುಬಿದ್ದಿದ್ದ. ದಾವೀದ ಹೆದರಿಹೋದ. ಮೂರು ತಿಂಗಳು ಅದನ್ನು ಓಬೇದೆದೋಮನ ಮನೆಯಲ್ಲೇ ಬಿಟ್ಟ. ಆಮೇಲೆ ಧೈರ್ಯ ತಂದುಕೊಂಡು ತರಲು ಹೋದವನು ಯಾಜಕರು ಉಡುವ ನಾರಿನ ಏಫೋದು ಕಟ್ಟಿಕೊಂಡು, ಪೂರ್ಣ ಬಲದಿಂದ ಕುಣಿದ. ಅಂದರೆ ಇದು ಸುಮ್ನೆ ಖುಷಿಯ ಕುಣಿತ ಅಲ್ಲ, ಭಯ ಬಿಟ್ಟುಹೋದವನ ಕುಣಿತ. ಇಲ್ಲಿ ಬಳಸಿದ ‘ಮೆಕರ್ಕೇರ್’ ಎಂಬ ಪದ ಇಡೀ ಹೀಬ್ರೂ ಬೈಬಲ್‌ನಲ್ಲಿ ಈ ಒಂದು ಪ್ರಸಂಗದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಗಿರಗಿರನೆ ಸುತ್ತುವುದು ಅಂತ ಅರ್ಥ ಹೇಳುತ್ತಾರೆ. ನಮ್ಮ ಯಕ್ಷಗಾನದ ಗಿರಕಿ ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ.

ದಾವೀದನ ಹೆಂಡತಿ ಮೀಕಲಳು ಕಿಟಕಿಯಿಂದ ನೋಡಿದಳು, ಮನಸ್ಸಿನಲ್ಲೇ ತಿರಸ್ಕರಿಸಿದಳು. ಚರ್ಚಿನಲ್ಲಿ ಪ್ರಸಂಗ ಮಾಡುವವರು ಅವಳನ್ನು ಜಂಬದ ಹೆಂಗಸು ಅಂತ ಮುಗಿಸಿಬಿಡುತ್ತಾರೆ. ಹಿಂದಿನ ಪುಟಗಳನ್ನು ತಿರುಗಿಸಿ. ಅವಳು ದಾವೀದನನ್ನು ಪ್ರೀತಿಸಿದ್ದಳು. ಅಪ್ಪ ಸೌಲ ಕೊಲ್ಲಲು ಆಳು ಕಳಿಸಿದ ರಾತ್ರಿ ಗಂಡನನ್ನು ಕಿಟಕಿಯಿಂದ ಇಳಿಸಿ ಉಳಿಸಿದವಳು ಅವಳೇ. ಆಮೇಲೆ ಅಪ್ಪ ಅವಳನ್ನು ಬೇರೆಯವನಿಗೆ ಕೊಟ್ಟ. ವರ್ಷಗಳ ನಂತರ ದಾವೀದ ವಾಪಸು ಕರೆಸಿಕೊಂಡಾಗ ಆ ಎರಡನೇ ಗಂಡ ಅಳುತ್ತಾ ದಾರಿಯುದ್ದ ಅವಳ ಹಿಂದೆ ಬಂದ. ಅಷ್ಟೆಲ್ಲಾ ಕಂಡವಳು ಈಗ ಇನ್ನೊಂದು ಕಿಟಕಿಯಲ್ಲಿ ನಿಂತಿದ್ದಾಳೆ. ಕುಣಿದು ಬಂದ ಗಂಡನನ್ನು ಚುಚ್ಚಿ ಮಾತಾಡುತ್ತಾಳೆ. ಆ ಮಾತಿನಲ್ಲಿ ರಾಜಮನೆತನದ ಬಿಗುವೂ ಇದೆ, ಹಳೆಯ ಗಾಯವೂ ಇದೆ. ದಾವೀದ ಬಿಟ್ಟುಕೊಡುವುದಿಲ್ಲ. ದೇವರ ಮುಂದೆ ಇನ್ನೂ ಹಗುರನಾಗುತ್ತೇನೆ ಅನ್ನುತ್ತಾನೆ. ಅವಳಿಗೆ ಸಾಯುವವರೆಗೂ ಮಕ್ಕಳಾಗಲಿಲ್ಲ ಅಂತ ಹೇಳಿ ಅಧ್ಯಾಯ ಮುಗಿಯುತ್ತದೆ. ಮುಂದೆ ಇದೇ ಕಥೆಯನ್ನು ಪೂರ್ವಕಾಲವೃತ್ತಾಂತ ಎಂಬ ಪುಸ್ತಕದಲ್ಲಿ ಮತ್ತೆ ಬರೆದವರು ಈ ಗಂಡ ಹೆಂಡಿರ ಜಗಳವನ್ನೇ ಬಿಟ್ಟುಬಿಟ್ಟರು. ಆ ಅಪರೂಪದ ಪದವನ್ನೂ ತೆಗೆದು, ಜಿಗಿದ, ನಲಿದ ಎಂಬ ಮಾಮೂಲಿ ಪದಗಳನ್ನು ಹಾಕಿದರು. ರಾಜನ ಕುಣಿತ ಆಗಲೇ ಕೆಲವರಿಗೆ ಮುಜುಗರ ತಂದಿರಬೇಕು.

ಕುಣಿತದ ಎದುರು ಪದ ಬೈಬಲ್‌ನಲ್ಲಿ ಸುಮ್ಮನಿರುವುದಲ್ಲ, ಗೋಳಾಡುವುದು. ‘ಗೋಳಾಡುವ ಸಮಯ, ಕುಣಿದಾಡುವ ಸಮಯ’ ಅನ್ನುತ್ತದೆ ಪ್ರಸಂಗಿಯ ಪುಸ್ತಕ. ಹೀಬ್ರೂವಿನಲ್ಲಿ ಅದು ‘ಸೆಫೋದ್’, ‘ರೆಕೋದ್’ ಅಂತ ಪ್ರಾಸ. ನನ್ನ ಗೋಳಾಟವನ್ನು ಕುಣಿತ ಮಾಡಿದೆ ಅಂತ 30ನೇ ಕೀರ್ತನೆ. ಕುಣಿತ ಗೋಳಾಟವಾಯಿತು ಅಂತ ಪ್ರಲಾಪಗಳ ಪುಸ್ತಕ. ಯೇಸು ಸಂತೆಬೀದಿಯ ಮಕ್ಕಳ ಜಗಳ ಹೇಳುವಾಗಲೂ ಇದೇ ಜೋಡಿ ಬರುತ್ತದೆ: ಕೊಳಲೂದಿದೆವು ನೀವು ಕುಣಿಯಲಿಲ್ಲ, ಗೋಳಾಡಿದೆವು ನೀವು ಎದೆ ಬಡಿದುಕೊಳ್ಳಲಿಲ್ಲ. ಆತ ಮಾತಾಡಿದ್ದು ಅರಮಾಯಿಕ್ ಭಾಷೆ. ಅದರದೇ ಕವಲಾದ ಸಿರಿಯಾಕ್ ಬೈಬಲ್‌ನಲ್ಲಿ ಈ ಎರಡು ಪದಗಳು ‘ರಕ್ಕೆದ್ತೋನ್’, ‘ಅರ್ಕೆದ್ತೋನ್’. ಒಂದೇ ಧಾತು, ಒಂದು ಅಕ್ಷರದ ವ್ಯತ್ಯಾಸ. ಕುಣಿಯುವ ಮೈ, ಅಳುವ ಮೈ ಎರಡೂ ಒಂದೇ ಅಲ್ವಾ?

ಹೊಸ ಒಡಂಬಡಿಕೆಯಲ್ಲಿ ಲೂಕನಷ್ಟು ಮೈಯ ಸಂತೋಷ ಬರೆದವರು ಇನ್ನೊಬ್ಬರಿಲ್ಲ. ಮರಿಯಳ ದನಿ ಕೇಳಿ ಎಲಿಸಬೇತಳ ಹೊಟ್ಟೆಯೊಳಗಿನ ಕೂಸು ಸಂತೋಷದಿಂದ ಜಿಗಿಯುತ್ತದೆ. ಆ ಗ್ರೀಕ್ ಪದ ‘ಸ್ಕಿರ್ತಾವೋ’. ಗ್ರೀಕ್ ಅನುವಾದದಲ್ಲಿ 114ನೇ ಕೀರ್ತನೆಯ ಬೆಟ್ಟಗಳು ಜಿಗಿದದ್ದೂ, ಮಲಾಕಿಯ ಪುಸ್ತಕದಲ್ಲಿ ಕೊಟ್ಟಿಗೆ ಬಿಟ್ಟ ಕರುಗಳು ಜಿಗಿದದ್ದೂ ಅದೇ ಪದದಿಂದ. ಜನ ನಿಮ್ಮನ್ನು ಹಗೆಮಾಡಿದಾಗ ಜಿಗಿದು ಸಂತೋಷಪಡಿ ಅಂತ ಯೇಸು ಹೇಳುವಲ್ಲಿ ಲೂಕ ಮತ್ತೆ ಅದನ್ನೇ ಬಳಸುತ್ತಾನೆ. ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಕುಂಟ ಎದ್ದು ಜಿಗಿಯುತ್ತಾ ಒಳಗೆ ಹೋದದ್ದನ್ನು ಅಪೊಸ್ತಲರ ಕೃತ್ಯಗಳಲ್ಲಿ ಬರೆದವನೂ ಅವನೇ. ‘ಕುಂಟನು ಜಿಂಕೆಯಂತೆ ಜಿಗಿಯುವನು’ ಎಂಬ ಯೆಶಾಯನ ಮಾತು ಅಲ್ಲಿ ಕಾಲು ಪಡೆಯುತ್ತದೆ. ಮನೆಗೆ ಮರಳಿದ ಕಿರಿಯ ಮಗನಿಗಾಗಿ ನಡೆಯುವ ವಾದ್ಯ, ಕುಣಿತದ ಸದ್ದು ಹೊಲದಿಂದ ಬಂದ ಅಣ್ಣನ ಕಿವಿಗೆ ಬೀಳುತ್ತದೆ. ಅವನು ಒಳಗೆ ಹೋಗುವುದಿಲ್ಲ. ಅಪ್ಪನೇ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅಣ್ಣ ಆಮೇಲೆ ಹೋದನೋ ಇಲ್ಲವೋ, ಲೂಕ ಹೇಳುವುದಿಲ್ಲ.

ಇಷ್ಟೆಲ್ಲಾ ಇದ್ದರೂ ಸಭೆಯ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಕುಣಿತ: ಹೆರೋದನ ಹುಟ್ಟುಹಬ್ಬದ ದಿನ ಹುಡುಗಿಯೊಬ್ಬಳು ಕುಣಿದು ಸ್ನಾನಿಕ ಯೋಹಾನನ ತಲೆ ಕೇಳಿದ್ದು. ಕುಣಿತ ಇರುವಲ್ಲಿ ಸೈತಾನ ಇದ್ದಾನೆ ಅಂತ 4ನೇ ಶತಮಾನದ ಧರ್ಮಗುರು ಯೋಹಾನ ಕ್ರಿಸೊಸ್ತೋಮ್ ಹೇಳಿದ್ದು ಈ ಕಥೆಯ ಮೇಲೆ ಮಾಡಿದ ಪ್ರಸಂಗದಲ್ಲೇ. ಅದೇ ಕಾಲದ ನಾಜಿಯಾಂಜಿನ ಗ್ರೆಗೊರಿ ಮಾತ್ರ, ಕುಣಿಯಲೇಬೇಕಿದ್ದರೆ ಆ ಹುಡುಗಿಯ ಕುಣಿತ ಬೇಡ, ದಾವೀದನ ಕುಣಿತ ಕುಣಿಯಿರಿ ಅಂದ. ಕುಣಿತ ಪೂರ್ತಿ ನಿಲ್ಲಲಿಲ್ಲ. ಇಥಿಯೋಪಿಯಾದ ಸಭೆಯಲ್ಲಿ ಹಾಡುವವರು ಕೋಲು, ಕಿರುಗೆಜ್ಜೆಯ ವಾದ್ಯ ಹಿಡಿದು ಇವತ್ತಿಗೂ ತೂಗಾಡುತ್ತಾರೆ. ಲಕ್ಸೆಂಬರ್ಗಿನ ಎಕ್ಟರ್ನಾಕ್ ಊರಿನ ಕುಪ್ಪಳಿಸುವ ಮೆರವಣಿಗೆಯನ್ನು ಯುನೆಸ್ಕೊ 2010ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ನಮ್ಮ ಕಡೆಗೆ ಸುವಾರ್ತೆ ಬಂದದ್ದು ಕುಣಿಯದವರ ಕೈಯಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಕುಣಿತ, ಇಸ್ಪೀಟು, ನಾಟಕ ಎಲ್ಲವನ್ನೂ ಲೋಕದ ಆಕರ್ಷಣೆ ಅಂತ ದೂರ ಇಡುವ ಪ್ರಾಟೆಸ್ಟೆಂಟ್ ಭಕ್ತಿಪಂಥದ ಮನೆಗಳಿಂದ ಬಂದವರು ಅವರು. ಆಗ ಕಾಸರಗೋಡು ಕೆನರಾದ ಭಾಗವೇ. ಇಲ್ಲಿ ಅವರಿಗೆ ಕಂಡದ್ದು ಕೋಲ, ತೆಯ್ಯಂ. ಅದನ್ನು ದೆವ್ವದ ಕುಣಿತ ಅಂದರು. ವಿಚಿತ್ರ ಅಂದರೆ ಅದೇ ಮಿಶನಿನ ಮ್ಯಾನರ್ 1886ರಲ್ಲಿ ಭೂತಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಮಾತನ್ನು ಉಳಿಸಿಕೊಟ್ಟರು, ಹೆಜ್ಜೆಯನ್ನು ಹೊರಗಿಟ್ಟರು. ಕ್ರೈಸ್ತರಾದ ನಮ್ಮ ಹಿರಿಯರಿಗೆ ಗಗ್ಗರದ ಸದ್ದು ಅಂದರೆ ತಾವು ಬಿಟ್ಟು ಬಂದ ಮನೆ, ಬಿಟ್ಟು ಬಂದ ನಂಟರು. ಆ ಸದ್ದು ಚರ್ಚಿನೊಳಗೆ ಕೇಳಿದರೆ ಎದೆ ಧಸಕ್ ಅನ್ನುವುದು ತಪ್ಪಲ್ಲ.

ಕಥೋಲಿಕರಲ್ಲಿ ದಾರಿ ಸ್ವಲ್ಪ ಬೇರೆ. ಬೇಳ, ಕಯ್ಯಾರು ಕಡೆಯ ಕೊಂಕಣಿ ಮನೆಗಳಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಹಾಡು ಇದ್ದೇ ಇರುತ್ತದೆ. ಆದರೆ ಅದು ಮನೆಯ ಅಂಗಳದ್ದು, ಪೀಠದ ಮುಂದಿನದ್ದಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆಯಾ ಜನರ ಸಂಸ್ಕೃತಿಗೆ ಆರಾಧನೆಯಲ್ಲಿ ಬಾಗಿಲು ತೆರೆಯಿತು. ವ್ಯಾಟಿಕನ್ನಿನ 1975ರ ಒಂದು ಟಿಪ್ಪಣಿ ಪಶ್ಚಿಮದ ದೇಶಗಳಲ್ಲಿ ಕುಣಿತಕ್ಕೂ ಮೋಜಿಗೂ ನಂಟು ಜಾಸ್ತಿ, ಅಲ್ಲಿ ಪೂಜೆಗೆ ಬೇಡ ಅಂದಿತು. ಕುಣಿತವೇ ಪ್ರಾರ್ಥನೆಯಾಗಿರುವ ಜನರಿಗೆ ಬೇರೆ ಲೆಕ್ಕ ಅಂತಲೂ ಸೇರಿಸಿತು. 1994ರ ಸೂಚನೆ ಇದನ್ನು ಇನ್ನೂ ಬಿಡಿಸಿ ಹೇಳಿತು: ಕೈತಟ್ಟುವುದು, ತೂಗುವುದು, ಹೆಜ್ಜೆ ಹಾಕುವುದು ಸೇರಿದವರ ನಿಜವಾದ ಪ್ರಾರ್ಥನೆಯಾಗಿದ್ದರೆ ಸರಿ, ಪ್ರದರ್ಶನ ಆಗಬಾರದು.

ಕೇರಳದೊಳಗೆ ಇರುವುದರಿಂದ ನಮ್ಮ ಮಕ್ಕಳಿಗೆ ಇನ್ನೊಂದು ಪರಿಚಯವೂ ಸಿಕ್ಕಿದೆ. ದೀಪದ ಸುತ್ತ ಬಿಳಿ ಉಡುಗೆಯಲ್ಲಿ ಕುಣಿಯುವ ಮಾರ್ಗಂಕಳಿ ಸಿರಿಯನ್ ಕ್ರೈಸ್ತರದ್ದು. ದೀಪ ಕ್ರಿಸ್ತ, ಸುತ್ತಲಿನವರು ಶಿಷ್ಯರು ಅನ್ನುತ್ತಾರೆ. 2019ರಲ್ಲಿ ರಾಜ್ಯ ಶಾಲಾ ಕಲೋತ್ಸವ ಕಾಞಂಗಾಡಿನಲ್ಲಿ ನಡೆದಾಗ ಮಾರ್ಗಂಕಳಿ, ಮುಸ್ಲಿಮರು ದಫ್ ಎಂಬ ಚರ್ಮವಾದ್ಯ ಬಡಿದು ಕುಣಿಯುವ ದಫ್ ಮುಟ್ಟು, ಯಕ್ಷಗಾನ ಮೂರೂ ಅಲ್ಲಿದ್ದವು.

ದಫ್ ಅಂದಾಗ ಒಂದು ಮಾತು. ಮಿರ್ಯಾಮಳ ಕೈಯಲ್ಲಿದ್ದದ್ದು ಹೀಬ್ರೂವಿನಲ್ಲಿ ‘ತೋಫ್’. ಅರಬ್ಬಿಯ ‘ದಫ್’ ಅದರದೇ ಒಡಹುಟ್ಟಿದ ಪದ. ಹಬ್ಬದ ಹಿಂದಿನ ದಿನ ಈ ವಿಷಯ ಹೇಳಿದ್ದಕ್ಕೆ ನನ್ನ ಅಕ್ಕನ ಮಗಳು ಪಕ್ಕದ ಮನೆಗೆ ಓಡಿದಳು. ಅಲ್ಲಿನ ಹುಡುಗ ಶಾಲೆಯ ದಫ್ ಮುಟ್ಟು ತಂಡದಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ಗೆಜ್ಜೆ ಚೀಲದಲ್ಲೇ ಉಳಿಯಿತು, ದಫ್ ಮಾತ್ರ ಬಂತು. ಮಕ್ಕಳು ಕುಣಿದರು. ಬಾಳೆಗೊನೆ, ತೆಂಗಿನಕಾಯಿಗಳ ಹರಾಜು ಶುರುವಾಗುವ ಮೊದಲು ಆ ಹಿರಿಯರು ನಮ್ಮ ಹತ್ತಿರ ಬಂದು ದಫ್ ಕೈಗೆ ತೆಗೆದುಕೊಂಡರು. ಚರ್ಮದ ಮೇಲೆ ಬೆರಳಾಡಿಸಿದರು, ಮಗುಚಿ ನೋಡಿದರು.

"ದಮ್ಮಡಿ ಅಂದರೆ ಇದೇನಾ?" ಅಂತ ಕೇಳಿದರು. "ಅರವತ್ತು ವರ್ಷದಿಂದ ಓದುತ್ತಿದ್ದೇನೆ, ಮುಟ್ಟಿ ನೋಡಿದ್ದು ಇವತ್ತೇ."