ಕಡತ: ಹಳೆಯ ಕಾಗದವೆಲ್ಲ ಕಡತವಲ್ಲ

ಧಾರವಾಡ, ಗದಗ, ಹಾವೇರಿಯ ಕಡೆ ಊರವರೇ ಸೇರಿ ವಾಡೆಗಳೆಂಬ ಹಳೆಯ ದೊಡ್ಡ ಮನೆಗಳ ಅಟ್ಟದಲ್ಲಿದ್ದ ದಾಖಲೆಗಳನ್ನು ಹೊರತೆಗೆದು ಪ್ರದರ್ಶನಕ್ಕಿಡುವುದು, ಮತ್ತೆ ಅಚ್ಚು ಹಾಕಿಸುವುದು ಸಂತೋಷದ ಸಂಗತಿ. ಆದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದದ ಕಟ್ಟೊಂದರ ಮುಂದೆ ‘ನಮ್ಮೂರಿನ ಪ್ರಾಚೀನ ಕಡತ’ ಎಂಬ ಚೀಟಿಯನ್ನು ಮತ್ತೊಮ್ಮೆ ಕಂಡ ಮೇಲೆ ಸುಮ್ಮನಿರುವುದು ಕಷ್ಟ. ಪೇಶ್ವೆಯರ ಕಾಲದ ಕಾಗದವನ್ನು ಪ್ರಾಚೀನ ಎನ್ನಬಹುದೇ ಎಂಬ ಮಾತು ಹಾಗಿರಲಿ. ಕಚೇರಿಯಲ್ಲಿ ವಿಲೇವಾರಿಗೆ ಕಾದಿರುವ ಫೈಲನ್ನು ಕಡತ ಎನ್ನುವುದಕ್ಕೂ ತಕರಾರಿಲ್ಲ. ಹಳೆಯ ವಸ್ತುವಿನ ಗುರುತು ಹೇಳುವ ಕಡೆ ಮಾತ್ರ ಈ ಸಡಿಲಿಕೆ ಸಲ್ಲದು.

ಕಡತವು ಮೂಲತಃ ಬಟ್ಟೆ. ಉದ್ದನೆಯ ಹತ್ತಿಬಟ್ಟೆಯ ಪಟ್ಟಿಯ ಎರಡೂ ಮಗ್ಗುಲಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲಪುಡಿಯನ್ನು ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಆದ್ದರಿಂದ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ. 1810ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಹೆಸರಾದವು. ಹಾಗೆಂದು ಇದು ಮೈಸೂರು ಸೀಮೆಯ ಪದ, ನಮ್ಮದಲ್ಲ ಎನ್ನುವವರೂ ತಪ್ಪುತ್ತಾರೆ. ಈ ಭಾಗವನ್ನು ಆಳಿದ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಕಡಿತವೆಂದರೆ ಕಡತವೇ; ಲೆಕ್ಕದ ಕಡಿತಗಳ ಮೇಲ್ವಿಚಾರಕನಾದ ಹೆಗ್ಗಡೆ ಎಂದು ಅರ್ಥ.

ನಮ್ಮ ವಾಡೆಗಳಲ್ಲಿ ಹೆಚ್ಚಾಗಿ ಸಿಗುವುದು ದಫ್ತರ. ಪೇಶ್ವೆಯರ ಆಳ್ವಿಕೆ, 1818ರ ನಂತರ ಮುಂಬೈ ಪ್ರಾಂತದ ಆಡಳಿತ ಇವೆರಡರಲ್ಲಿಯೂ ಊರಿನ ಲೆಕ್ಕ ಬರೆಯುವ ಕುಲಕರ್ಣಿಯರು ಕಾಗದದ ಮೇಲೆ ಮಸಿಯಿಂದ ಬರೆದ ಲೆಕ್ಕಪತ್ರ, ಸನದು (ಸರ್ಕಾರಿ ಹಕ್ಕುಪತ್ರ), ವತನದ (ವಂಶಪಾರಂಪರ್ಯ ಹುದ್ದೆ, ಜಮೀನಿನ) ಕಾಗದಗಳು ಈ ಗುಂಪಿನವು. ಪದದ ಪ್ರಯಾಣ ಸ್ವಾರಸ್ಯವಾಗಿದೆ: ಗ್ರೀಕಿನಲ್ಲಿ ‘ದಿಫ್ಥೆರಾ’ ಎಂದರೆ ಹದಮಾಡಿದ ತೊಗಲು. ಗ್ರೀಕರಲ್ಲೇ ಒಂದು ಗುಂಪಾದ ಅಯೋನಿಯದವರು ಹಿಂದೆ ತೊಗಲಿನ ಮೇಲೆ ಬರೆಯುತ್ತಿದ್ದುದರಿಂದ ಪಪೈರಸ್ ಹಾಳೆಯನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆ ಪದವೇ ಪಾರಸಿಯಲ್ಲಿ ‘ದಫ್ತರ್’ ಆಗಿ, ಅಲ್ಲಿಂದ ಮರಾಠಿಗೂ ನಮಗೂ ಬಂದಿತು. ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುವ ಡಿಫ್ತೀರಿಯಾಕ್ಕೂ ಅದೇ ಮೂಲ. ಒಂದೊಂದು ಕಟ್ಟನ್ನು ಸುತ್ತಿದ ಬಟ್ಟೆ ರುಮಾಲು; ಪುಣೆಯ ಪೇಶ್ವೆ ದಫ್ತರವೆಂಬ ದಾಖಲೆ ಭಂಡಾರದಲ್ಲಿ ಕಟ್ಟುಗಳನ್ನು ರುಮಾಲೆಂದೇ ಎಣಿಸುತ್ತಾರೆ. ಈ ಬಟ್ಟೆಯನ್ನು ಕಂಡೇ ಕೆಲವರು ಕಡತವೆಂದು ಭ್ರಮಿಸಿರಬಹುದು.

ಇಷ್ಟು ಹಟವೇಕೆಂದರೆ, ಕಡತದ ಬರಹವನ್ನು ಒದ್ದೆಬಟ್ಟೆಯಿಂದ ಒರೆಸಿ ಅದೇ ಜಾಗದಲ್ಲಿ ಬೇರೆ ಬರೆಯಬಹುದು. ಬಟ್ಟೆ ಹಳೆಯದಾಗಿದ್ದು ಬರಹ ಈಚಿನದಾಗಿರುವ ಸಾಧ್ಯತೆಯನ್ನು ಓದುಗನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಮಸಿಯ ಕಾಗದದಲ್ಲಿ ತಿದ್ದುಪಡಿಯ ಗುರುತು ಸಾಮಾನ್ಯವಾಗಿ ಉಳಿಯುತ್ತದೆ. ಮರುಮುದ್ರಣದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ನಿಜವಾದ ಕಡತದ ಚಿತ್ರವನ್ನು ಓದಲು ಸುಲಭವಾಗಲೆಂದು ಬಿಳಿ ನೆಲದ ಕಪ್ಪಕ್ಷರವಾಗಿ ತಿರುಗಿಸಿ ಅಚ್ಚು ಮಾಡಿ, ಹಾಗೆ ಮಾಡಿದ್ದನ್ನು ಎಲ್ಲಿಯೂ ಹೇಳದಿದ್ದರೆ, ಪುಸ್ತಕ ನೋಡಿದವನು ಅದನ್ನು ಕಾಗದವೆಂದೇ ತಿಳಿಯುತ್ತಾನೆ. ಚೀಟಿಯಲ್ಲಿ ವಸ್ತು, ಲಿಪಿ, ಭಾಷೆ ಎಂಬ ಮೂರು ವಿವರಗಳಿದ್ದರೆ ಸಾಕು: ‘ಕಾಗದ, ಮೋಡಿ, ಮರಾಠಿ’ ಅಥವಾ ‘ಬಟ್ಟೆಯ ಕಡತ, ಕನ್ನಡ ಲಿಪಿ, ಕನ್ನಡ’. ‘ಪ್ರಾಚೀನ’ಕ್ಕೆ ಮೀಸಲಿಟ್ಟ ಜಾಗದಲ್ಲಿ ಇವು ಧಾರಾಳವಾಗಿ ಹಿಡಿಯುತ್ತವೆ.