ಕಪಾಟಿನ ಬೆನ್ನಿಗೂ ಪಾಲಿಶ್ ಬೇಕು

ಕೆಡವಿದ ಹಳೆ ಮನೆಯಿಂದ ಒಂದು ಸಾಗವಾನಿ ಕಪಾಟು ಸಿಕ್ಕಿತು ಅಂದುಕೊಳ್ಳಿ. ಮನೆಗೆ ತಂದವರು ಮುಂಭಾಗವನ್ನು ಉಜ್ಜಿ, ಮಿರಿಮಿರಿ ಮಿಂಚುವಂತೆ ಪಾಲಿಶ್ ಮಾಡುತ್ತಾರೆ. ಗೋಡೆ ಕಡೆಗಿರುವ ಬೆನ್ನು ಯಾರಿಗೂ ಕಾಣುವುದಿಲ್ಲ ಅಲ್ವಾ? ಅದನ್ನು ಹಾಗೇ ಬಿಡುತ್ತಾರೆ. ಕಲಬುರಗಿಯ ಹವೆಯಲ್ಲಿ ಹೀಗೆ ಮಾಡಲೇಬಾರದು.

ಮರ ಕಡಿದು ನೂರು ವರ್ಷವಾದರೂ ಕಟ್ಟಿಗೆ ಗಾಳಿಯಿಂದ ತೇವ ಹೀರುವುದನ್ನು ಬಿಡುವುದಿಲ್ಲ. 40 ಡಿಗ್ರಿ ಬಿಸಿ, ಶೇ 25 ಆರ್ದ್ರತೆಯ ಗಾಳಿಯಲ್ಲಿ ಬಹಳ ದಿನ ಇಟ್ಟರೆ ಅದರೊಳಗೆ ಉಳಿಯುವ ನೀರು ಒಣ ತೂಕದ ಶೇ 5ರಷ್ಟು ಮಾತ್ರ. 27 ಡಿಗ್ರಿ, ಶೇ 80 ಆರ್ದ್ರತೆಯಲ್ಲಿ ಅದೇ ಕಟ್ಟಿಗೆ ಶೇ 16ರ ತನಕ ಹೀರುತ್ತದೆ. ನಮ್ಮ ಮೇ ತಿಂಗಳಿಗೂ ಶ್ರಾವಣಕ್ಕೂ ಇರುವ ಅಂತರ ಇಂಥದ್ದೇ. ನೀರು ಸೇರುವುದು ನಾರಿನ ಗೋಡೆಗಳೊಳಗೆ. ಹಾಗಾಗಿ ಹಲಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. 30 ಸೆಂಟಿಮೀಟರ್ ಅಗಲದ ಸಾಗವಾನಿ ಹಲಗೆ ಇಷ್ಟು ಅಂತರಕ್ಕೆ ಮೂರರಿಂದ ಆರು ಮಿಲಿಮೀಟರ್ ಹಿಗ್ಗಬಲ್ಲದು. ಬೇರೆ ಎಷ್ಟೋ ಮರಗಳು ಇನ್ನೂ ಜಾಸ್ತಿ ಹಿಗ್ಗುತ್ತವೆ.

ಮುಂದೆ ಮಾತ್ರ ಪಾಲಿಶ್ ಇದ್ದರೆ ತೇವ ಬೆನ್ನಿನಿಂದ ಬೇಗ ಒಳಗೆ ಹೋಗುತ್ತದೆ. ಹಿಂಬದಿ ಉಬ್ಬುತ್ತದೆ, ಮುಂಬದಿ ತಗ್ಗಾಗುತ್ತದೆ, ಹಲಗೆ ಬಾಗುತ್ತದೆ. ಎರಡೂ ಕಡೆ ಒಂದೇ ಸಮ ಪಾಲಿಶ್ ಇದ್ದರೆ ಈ ಏರಿಳಿತ ನಿಧಾನವಾಗುತ್ತದೆ, ಎರಡೂ ಮೈ ಜೊತೆಯಾಗಿ ಹಿಗ್ಗುತ್ತವೆ. ಇನ್ನು ಕಾಲುಗಳ ತುದಿ. ಅಲ್ಲಿ ನಾರಿನ ಬಾಯಿ ತೆರೆದೇ ಇರುತ್ತದೆ. ಶಹಾಬಾದ್ ಪರಸಿ ನೆಲ ಒರೆಸಿದಾಗಲೆಲ್ಲ ನೀರನ್ನು ಅದು ಮೇಲಕ್ಕೆಳೆಯುತ್ತದೆ. ಪಾಲಿಶ್ ಮೊದಲು ತಲುಪಬೇಕಾದ್ದು ಅಲ್ಲಿಗೆ.

ಬೇಸಿಗೆಯಲ್ಲಿ ಹಲಗೆಗಳ ನಡುವೆ ಬಿದ್ದ ಸಂದಿಗೆ ಗಟ್ಟಿ ಪುಟ್ಟಿ ತುಂಬಬೇಡಿ. ಮಳೆಗಾಲದಲ್ಲಿ ಕಟ್ಟಿಗೆಗೆ ಹಿಗ್ಗಲು ಜಾಗ ಬೇಕು. ಜಾಗ ಇಲ್ಲದಿದ್ದರೆ ಜೋಡಣೆಯೇ ಬಿರಿಯುತ್ತದೆ. ಹಳೆ ಬಾಗಿಲಿನ ಹಲಗೆ ಚೌಕಟ್ಟಿನೊಳಗೆ ಸ್ವಲ್ಪ ಅಲ್ಲಾಡುತ್ತದಲ್ಲ, ಅದು ಕೆಟ್ಟ ಕೆಲಸವಲ್ಲ. ಬಡಿಗೇರರು ತಿಳಿದೇ ಅಂಟು, ಮೊಳೆ ಹಾಕದೆ ಬಿಟ್ಟಿದ್ದಾರೆ. ಆ ಜಾಣತನ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಹಳೆ ಬಣ್ಣ ಇದ್ದರೆ ಒಣಗಿದ್ದಂತೆಯೇ ಉಜ್ಜಬೇಡಿ. ಅದರಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ. ಆ ಧೂಳು ಮಕ್ಕಳ ಮಿದುಳಿಗೆ ಕೆಡುಕು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ದೂರ ಇಟ್ಟು ಉಜ್ಜಿ.

ಯಾವ ಪಾಲಿಶ್ ಒಳ್ಳೆಯದು? ಅಗಸಿ ಎಣ್ಣೆ ಕಟ್ಟಿಗೆಗೆ ಚೆಂದದ ಬಣ್ಣ ಕೊಡುತ್ತದೆ, ಆದರೆ ಗಾಳಿಯ ತೇವವನ್ನು ತಡೆಯುವುದು ತೀರಾ ಕಡಿಮೆ. ಇನ್ನೊಂದು ಎಚ್ಚರಿಕೆ: ಈ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಬಯಲಲ್ಲಿ ಒಂದೊಂದನ್ನೇ ಹರವಿ.

ತೇವ ತಡೆಯಲು ಅರಗಿನ ಪಾಲಿಶ್ ಎಷ್ಟೋ ಮೇಲು. ಮುತ್ತುಗ, ಕುಸುಮ, ಬೋರೆ ಮರಗಳ ಮೇಲೆ ಬದುಕುವ ಪುಟ್ಟ ಕೀಟ ಸುರಿಸುವ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಅದೇ ಪಾಲಿಶ್. ಆದರೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ. ಅಡುಗೆಮನೆಯ ಕಪಾಟಾದರೆ ಪಾಲಿಯುರೆಥೇನ್ ವಾರ್ನಿಶ್ ಹಚ್ಚಿ.

ಅರಗನ್ನು ಮಳೆಗಾಲದಲ್ಲಿ ಹಚ್ಚಿದರೆ ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಕೂರುತ್ತದೆ, ಪಾಲಿಶ್ ಮಬ್ಬಾಗುತ್ತದೆ. ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿಯಿರಿ. ಆಗ ಗಾಳಿ ಒಣಗಿರುತ್ತದೆ, ಕಟ್ಟಿಗೆಯೂ ತೀರಾ ಉಬ್ಬಿರುವುದಿಲ್ಲ, ತೀರಾ ಕುಗ್ಗಿಯೂ ಇರುವುದಿಲ್ಲ.