ಹೊಳೆಯೋ ಕಡಲಿನ ನಾಕ್ಟಿಲೂಕಾ: ಪಾಚಿ ಅಂದ್ಬಿಟ್ರೆ ಮುಗೀತಾ?

ಕರಾವಳಿಯಲ್ಲಿ ರಾತ್ರಿ ಅಲೆ ನೀಲಿಯಾಗಿ ಹೊಳೆಯೋ ವಿಡಿಯೋ ಬಂದಾಗೆಲ್ಲ, 2020ರ ನವೆಂಬರ್‌ನಲ್ಲಿ ಮಲ್ಪೆ, ಸುರತ್ಕಲ್ ಕಡೇದು ಬಂದಿತ್ತಲ್ಲ ಆ ಥರದ್ದು, ಜೊತೆಗೆ ಕೆಲವು ಮಾತು ಬಂದೇ ಬರ್ತವೆ. ನೀರಲ್ಲಿ ರಂಜಕ ಇದೆ, ಯಾವ್ದೋ ಫ್ಯಾಕ್ಟರಿ ಕೆಮಿಕಲ್ ಬಿಟ್ಟಿದೆ, ಇಲ್ಲಾ ಏನೋ ಕೆಟ್ಟದರ ಸೂಚನೆ. ಸ್ವಲ್ಪ ಓದಿಕೊಂಡವರು "ಅದು ಪಾಚಿ ಕಣ್ರೀ" ಅಂತಾರೆ. ಮೊದಲಿನವನ್ನ ಬಿಡಿ, ನನಗೆ ಜಾಸ್ತಿ ಕಿರಿಕಿರಿ ಆಗೋದು ಈ ಕೊನೇದರಿಂದ, ಯಾಕಂದ್ರೆ ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ನಮ್ಮ ಕಡಲಲ್ಲಿ ಮುಖ್ಯವಾಗಿ ಈ ಬೆಳಕು ಕೊಡೋ ನಾಕ್ಟಿಲೂಕಾ ಸಿಂಟಿಲಾನ್ಸ್ ಅನ್ನೋ ಜೀವಿಗೆ ತನ್ನದು ಅಂತ ಒಂದು ಚೂರು ಪತ್ರಹರಿತ್ತೂ ಇಲ್ಲ. ಅದು ಬೇಟೆ ಆಡಿ ತಿನ್ನುತ್ತೆ.

ಇದು ಸೇರೋದು ಡೈನೋಫ್ಲಾಜೆಲೇಟ್ ಅನ್ನೋ ಒಂಟಿ ಕೋಶದ ಜೀವಿಗಳ ಗುಂಪಿಗೆ. ಅವುಗಳಲ್ಲಿ ಸುಮಾರು ಅರ್ಧದಷ್ಟು ಸೂರ್ಯನ ಬೆಳಕಲ್ಲಿ ಆಹಾರ ಮಾಡ್ಕೊಳ್ತವೆ, ಉಳಿದವು ಸಿಕ್ಕಿದ್ದನ್ನ ತಿಂದು ಬದುಕ್ತವೆ. ಹತ್ತಿರದ ನೆಂಟರು ಯಾರು ಅಂತ ನೋಡಿದ್ರೆ ಮಲೇರಿಯಾ ತರೋ ಪ್ಲಾಸ್ಮೋಡಿಯಂ, ಆಮೇಲೆ ಶಾಲೇಲಿ ಚಿತ್ರ ಬರೆಸ್ತಿದ್ರಲ್ಲ ಆ ಪ್ಯಾರಮೀಸಿಯಂ. ಈ ಮೂರೂ ಗುಂಪು ಸೇರಿ ಆಲ್ವಿಯೊಲೇಟಾ. ಇದರಲ್ಲಿ ಗಿಡ ಎಲ್ಲಿ, ಪ್ರಾಣಿ ಎಲ್ಲಿ ಅಂತ ಗೆರೆ ಎಳೆಯೋಕೆ ಹೋದ್ರೆ ತಲೆ ಕೆಡುತ್ತೆ ಅಷ್ಟೆ.

ನಾಕ್ಟಿಲೂಕಾ ಹೇಗಿರುತ್ತೆ ಅಂದ್ರೆ, ನೆನೆಸಿಟ್ಟ ಸಬ್ಬಕ್ಕಿ ಕಾಳನ್ನ ಇನ್ನೂ ಚಿಕ್ಕದು ಮಾಡಿದ ಹಾಗೆ, ಪಾರದರ್ಶಕ ಗುಂಡು. 0.2ರಿಂದ 2 ಮಿಲಿಮೀಟರ್ ತನಕ, ಅಂದ್ರೆ ಒಂದೇ ಒಂದು ಜೀವಕೋಶ ಬರಿಗಣ್ಣಿಗೆ ಕಾಣುತ್ತೆ. ಮಾಮೂಲಿ ಡೈನೋಫ್ಲಾಜೆಲೇಟ್‌ಗೆ ಎರಡು ಚಾವಟಿ ಇರ್ತವೆ, ಒಂದು ಸೊಂಟದ ಸುತ್ತ ಇರೋ ತೋಡಲ್ಲಿ, ಇನ್ನೊಂದು ಹಿಂದಕ್ಕೆ, ತಿರುಗ್ತಾ ತಿರುಗ್ತಾ ಈಜುತ್ತೆ, ಎಷ್ಟೋ ಜಾತಿಗಳಿಗೆ ಸೆಲ್ಯುಲೋಸ್ ಕವಚಾನೂ ಇರುತ್ತೆ. ಇದಕ್ಕೆ ಕವಚ ಇಲ್ಲ, ಇರೋ ಒಂದು ಚಿಕ್ಕ ಚಾವಟಿ ಈಜೋಕೆ ಕೆಲಸಕ್ಕೆ ಬರಲ್ಲ, ತೋಡು ಹುಡುಕಿದ್ರೂ ಸಿಗೋದು ಕಷ್ಟ. ಬದಲಿಗೆ ಒಂದು ದಪ್ಪ ಬಾಹು ಇದೆ, ಲೋಳೆ ಸಹಾಯದಿಂದ ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಕೋಪಿಪಾಡ್ ಅನ್ನೋ ಸಿಗಡಿ ನೆಂಟ ಪುಟಾಣಿ ಜೀವಿಯ ಮೊಟ್ಟೆ, ಕೆಲವೊಮ್ಮೆ ಮೀನಿನ ಮೊಟ್ಟೇನೂ ಹಿಡಿದು ನುಂಗುತ್ತೆ. ಒಳಗಿನ ದ್ರವದಲ್ಲಿ ಅಮೋನಿಯಂ ತುಂಬ್ಕೊಂಡು ಸಮುದ್ರದ ನೀರಿಗಿಂತ ಹಗುರ ಆಗಿ ತೇಲ್ತಾ ಇರುತ್ತೆ.

ಇಂಥದ್ದನ್ನ ಯಾವ ಗುಂಪಿಗೆ ಹಾಕ್ತೀರಾ? 1810ರಲ್ಲಿ ಐರಿಷ್ ಅಂಗರಚನಾ ತಜ್ಞ ಜೇಮ್ಸ್ ಮಕಾರ್ಟ್ನಿ ಇದನ್ನ ಮೆಡೂಸಾ ಸಿಂಟಿಲಾನ್ಸ್ ಅಂತ ಕರೆದ, ಅಂದ್ರೆ ಅಂಬಲಿ ಮೀನಿನ (ಜೆಲ್ಲಿಫಿಶ್) ಜೊತೆ ಸೇರಿಸಿಬಿಟ್ಟ. ತಪ್ಪು ನಿಜ, ಆದ್ರೆ ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಅಂಥವನೇ ಮೊದಲು ಕಡಲಿನ ಬೆಳಕು ಅಂದ್ರೆ ಉಪ್ಪು ಮತ್ತು ನೀರು ಉಜ್ಜಿ ಹುಟ್ಟೋ ವಿದ್ಯುತ್ತು ಅಂದ್ಕೊಂಡಿದ್ದ, ಆಮೇಲೆ ಸಮುದ್ರದ ನೀರನ್ನ ಬಾಟಲಿಗೆ ಹಾಕಿ ಅಲ್ಲಾಡಿಸಿ ನೋಡಿದ, ಕೆಲವು ಗಂಟೆಗೆ ಹೊಳಪು ಹೋಯ್ತು, ಬರೀ ಉಪ್ಪುನೀರು ಅಲ್ಲಾಡಿಸಿದ್ರೆ ಏನೂ ಬರಲಿಲ್ಲ, 1753ರ ಹೊತ್ತಿಗೆ ಸೂಕ್ಷ್ಮ ಜೀವಿಗಳೇ ಇರಬಹುದು ಅನ್ನೋ ವಾದಕ್ಕೆ ಒಪ್ಕೊಂಡ. ನಮ್ಮ ರಂಜಕದ ಥಿಯರಿಯವರು ಒಂದು ಬಾಟಲಿ ನೀರನ್ನಾದ್ರೂ ಅಲ್ಲಾಡಿಸಿ ನೋಡಬಾರದಾ!

ಆಮೇಲೆ ಜರ್ಮನ್ ಜೀವವಿಜ್ಞಾನಿ ಹೆಕೆಲ್ ಇದಕ್ಕೋಸ್ಕರ ಸಿಸ್ಟೋಫ್ಲಾಜೆಲೇಟಾ ಅಂತ ಬೇರೆ ಗುಂಪೇ ಮಾಡಿದ. ಗುಟ್ಟು ಬಿಟ್ಟುಕೊಟ್ಟಿದ್ದು ಇದರ ಮರಿಗಳು. ಲೈಂಗಿಕ ಸಂತಾನದ ಸಮಯದಲ್ಲಿ ಕೋಶಕೇಂದ್ರ ಮತ್ತೆ ಮತ್ತೆ ಒಡೆದು ನೂರಾರು ಪುಟಾಣಿ ಲಿಂಗಾಣುಗಳು ಹೊರಗೆ ಬರ್ತವೆ, ಅವನ್ನ ನೋಡಿದ್ರೆ ಅಪ್ಪಟ ಡೈನೋಫ್ಲಾಜೆಲೇಟ್ ಮೈಕಟ್ಟು. ಈ ಗುಂಪಿನ ಗುರುತಾದ ಸದಾ ಗಟ್ಟಿಯಾಗಿ ಸುತ್ತಿಕೊಂಡಿರೋ ಕ್ರೋಮೋಸೋಮುಗಳು ದೊಡ್ಡ ಕೋಶದಲ್ಲಿ ಕಾಣಲ್ಲ, ಈ ಮರಿಗಳಲ್ಲಿ ಕಾಣ್ತವೆ. 1921ರಲ್ಲಿ ಕ್ಯಾಲಿಫೋರ್ನಿಯಾದ ಕೊಫಾಯ್ಡ್ ಮತ್ತು ಆಲಿವ್ ಸ್ವೀಜಿ ಕವಚ ಇಲ್ಲದ ಡೈನೋಫ್ಲಾಜೆಲೇಟ್‌ಗಳ ಮೇಲೆ ದೊಡ್ಡ ಗ್ರಂಥ ಬರೆದಾಗ ಈಗಿನ ಹೆಸರು ನಿಂತಿತು. ಈ ಕುಲದಲ್ಲಿ ಇವತ್ತು ಒಪ್ಕೊಂಡಿರೋ ಪ್ರಭೇದ ಇದೊಂದೇ.

ಈಗ ಬೆಳಕಿಗೆ ಬರೋಣ, ನನಗೆ ಹುಚ್ಚು ಹಿಡಿಸಿರೋ ಭಾಗ ಇದು. ಕೋಶದ ಒಳಗಿನ, ದ್ರವ ತುಂಬಿದ ಚೀಲದಂಥ ದೊಡ್ಡ ರಸಕೋಶ ಆಮ್ಲೀಯ, ಅಂದ್ರೆ ಪ್ರೋಟಾನ್ ತುಂಬಿದೆ. ಅದರ ಪೊರೆಗೆ ಅಂಟಿಕೊಂಡ ಹಾಗೆ ಸಿಂಟಿಲಾನ್ ಅನ್ನೋ ಸಾವಿರಾರು ಸಣ್ಣ ಕಣಗಳು. ಅವುಗಳ ಒಳಗೆ ಲೂಸಿಫೆರಿನ್ ಅನ್ನೋ ಬೆಳಕಿನ ಇಂಧನ ಮತ್ತು ಅದನ್ನ ಉರಿಸೋ ಲೂಸಿಫೆರೇಸ್ ಅನ್ನೋ ಕಿಣ್ವ ಒಟ್ಟಿಗೇ ಇದ್ರೂ ಸುಮ್ನಿರ್ತವೆ, ಯಾಕಂದ್ರೆ ಪಿಎಚ್ 8ರ ಆಸುಪಾಸಲ್ಲಿ ಲೂಸಿಫೆರಿನ್ನನ್ನ ಇನ್ನೊಂದು ಪ್ರೋಟೀನು ಹಿಡಿದಿಟ್ಟಿರುತ್ತೆ. ಅಲೆ ಬಡೀತು, ಮೀನು ಹಾದು ಹೋಯ್ತು, ನೀವು ಕಾಲಿಟ್ರಿ, ಕೋಶದ ಮೈ ಸ್ವಲ್ಪ ಒತ್ತಿದ ತಕ್ಷಣ ರಸಕೋಶದ ಪೊರೆ ಮೇಲೆ ಒಂದು ವಿದ್ಯುತ್ ಸಂಕೇತ ಓಡುತ್ತೆ, ನಮ್ಮ ನರಗಳಲ್ಲಿ ಓಡುತ್ತಲ್ಲ ಅದೇ ಜಾತಿಯದ್ದು, ನರ ಮಿದುಳು ಯಾವುದೂ ಇಲ್ಲದ ಒಂಟಿ ಕೋಶದಲ್ಲಿ! ಸಂಕೇತ ಹೋದ ಕಡೆ ಪ್ರೋಟಾನ್ ಚಾನೆಲ್‌ಗಳು ತೆರ್ಕೊಳ್ತವೆ, ಪ್ರೋಟಾನ್ ಸಿಂಟಿಲಾನ್ ಒಳಗೆ ನುಗ್ಗಿ ಪಿಎಚ್ ದಬಕ್ಕನೆ 6ರ ಕಡೆಗೆ ಇಳಿಯುತ್ತೆ, ಹಿಡಿದಿದ್ದ ಪ್ರೋಟೀನು ಲೂಸಿಫೆರಿನ್ನನ್ನ ಬಿಡುತ್ತೆ, ಲೂಸಿಫೆರೇಸ್ ಅದನ್ನ ಆಮ್ಲಜನಕದ ಜೊತೆ ಸೇರಿಸುತ್ತೆ, ನೀಲಿ ಮಿಂಚು. ಎಲ್ಲಾ ಸೇರಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ರಂಜಕಕ್ಕೆ ಇದರಲ್ಲಿ ಯಾವ ಪಾತ್ರಾನೂ ಇಲ್ಲ.

ಇಂಥ ಪ್ರೋಟಾನ್ ಚಾನೆಲ್ ಇರಲೇಬೇಕು ಅಂತ ಹೇಸ್ಟಿಂಗ್ಸ್ ಮತ್ತು ಫೋಗೆಲ್ ಅನ್ನೋ ವಿಜ್ಞಾನಿಗಳು 1972ರಲ್ಲೇ ಹೇಳಿದ್ರು. ಡೈನೋಫ್ಲಾಜೆಲೇಟ್‌ನಲ್ಲಿ ಅದರ ಜೀನ್ ಕೈಗೆ ಸಿಕ್ಕಿದ್ದು 2011ರಲ್ಲಿ, ಅದೂ ಹೊಳೆಯದ ಇನ್ನೊಂದು ಪ್ರಭೇದದಲ್ಲಿ. ಬೇರೆ ಡೈನೋಫ್ಲಾಜೆಲೇಟ್‌ಗಳಲ್ಲಿ ಲೂಸಿಫೆರೇಸ್ ಮತ್ತು ಆ ಹಿಡಿಯೋ ಪ್ರೋಟೀನು ಬೇರೆ ಬೇರೆ, ನಾಕ್ಟಿಲೂಕಾದಲ್ಲಿ ಎರಡೂ ಸೇರಿ ಒಂದೇ ಉದ್ದ ಪ್ರೋಟೀನು. ತಮಾಷೆ ಅಂದ್ರೆ ಅಮೆರಿಕದ ಪಶ್ಚಿಮ ತೀರದ ನಾಕ್ಟಿಲೂಕಾ ಹೊಳೆಯೋದೇ ಇಲ್ಲ, ಪ್ರಭೇದ ಮಾತ್ರ ಅದೇ.

ಯಾಕೆ ಹೊಳೆಯುತ್ತೆ? ಹೆಚ್ಚಿನವರು ಒಪ್ಪೋ ಉತ್ತರ, ತಿನ್ನೋಕೆ ಬಂದ ಕೋಪಿಪಾಡ್ ಬೆಳಕಿಗೆ ಬೆಚ್ಚಿ ಬೀಳುತ್ತೆ, ಬೀಳದಿದ್ರೆ ಕತ್ತಲಲ್ಲಿದ್ದ ಆ ಕೋಪಿಪಾಡೇ ಮೀನಿನ ಕಣ್ಣಿಗೆ ಬೀಳುತ್ತೆ.

ಹಸಿರು ನಾಕ್ಟಿಲೂಕಾದ ಕತೆ ಹೇಳದೆ ಬಿಡೋಕಾಗಲ್ಲ, ಅದು ನಮ್ಮ ಅರಬ್ಬೀ ಸಮುದ್ರದ್ದು. ಒಂದೇ ಪ್ರಭೇದಕ್ಕೆ ಎರಡು ರೂಪ: ತಂಪು ನೀರಿನ ಕೆಂಪು ನಾಕ್ಟಿಲೂಕಾ ಬರೀ ತಿಂದು ಬದುಕುತ್ತೆ. ಬೆಚ್ಚಗಿನ ನೀರಿನ ಹಸಿರು ನಾಕ್ಟಿಲೂಕಾದ ಹೊಟ್ಟೆಯಲ್ಲಿ ಸಾವಿರಾರು ಹಸಿರು ಜೀವಿಗಳು ಈಜಾಡ್ತಾ ದ್ಯುತಿಸಂಶ್ಲೇಷಣೆ ಮಾಡಿ ಮನೆ ಮಾಲೀಕನಿಗೂ ಊಟ ಕೊಡ್ತವೆ. ಕಲ್ಲಿಕೋಟೆ ಕಡಲು ಹಸಿರಾದಾಗ ಆರ್. ಸುಬ್ರಹ್ಮಣ್ಯನ್ ಈ ಬಾಡಿಗೆದಾರರನ್ನ ನೋಡಿ 1954ರಲ್ಲಿ ಪ್ರೋಟೋಯೂಗ್ಲಿನಾ ನಾಕ್ಟಿಲೂಕೇ ಅಂತ ಹೆಸರಿಟ್ರು. 1976ರಲ್ಲಿ ಬಿಯಾಟ್ರಿಸ್ ಸ್ವೀನಿ ಇದು ಯೂಗ್ಲಿನಾ ಕಡೇದಲ್ಲ, ಹಸಿರು ಪಾಚಿ ಅಂತ ತೋರಿಸಿ ಪೆಡಿನೋಮೊನಾಸ್ ಕುಲಕ್ಕೆ ಸೇರಿಸಿದ್ರು. 2016ರಲ್ಲಿ ಮೂರು ಜೀನ್‌ಗಳನ್ನ ಹೋಲಿಸಿ ನೋಡಿದ್ರೆ ಹಸಿರು ಪಾಚಿ ಅನ್ನೋದು ಸರಿ, ಪೆಡಿನೋಮೊನಾಸ್ ಅನ್ನೋದು ಮಾತ್ರ ಸರಿಯಿಲ್ಲ, ಹಾಗಾಗಿ ಸುಬ್ರಹ್ಮಣ್ಯನ್ ಇಟ್ಟ ಹೆಸರೇ ವಾಪಸ್ ಬಂತು! ಅಂದ್ರೆ "ಪಾಚಿ ಕಣ್ರೀ" ಅನ್ನೋರಿಗೆ ಇಷ್ಟು ರಿಯಾಯಿತಿ ಕೊಡಬಹುದು: ಪಾಚಿ ಇದ್ರೆ ಅದು ಒಳಗಿರೋ ಬಾಡಿಗೆದಾರ, ಹೊಳೆಯೋ ಮಾಲೀಕ ಅಲ್ಲ.

2000ದ ನಂತರ ಉತ್ತರ ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಡಯಾಟಮ್‌ಗಳ ಜಾಗವನ್ನ ಈ ಹಸಿರು ನಾಕ್ಟಿಲೂಕಾ ಆಕ್ರಮಿಸ್ತಾ ಬಂದಿದೆ. ಮೇಲ್ಪದರದ ನೀರಲ್ಲಿ ಆಮ್ಲಜನಕ ಕಮ್ಮಿ ಆಗ್ತಿರೋದೇ ಕಾರಣ ಅಂತ ಹೆಲ್ಗಾ ಗೋಮ್ಸ್, ಜೋಕಿಮ್ ಗೋಯಸ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದ್ರು, ಎಲ್ಲರೂ ಒಪ್ಪಿಲ್ಲ. ಕಾರಣ ಏನೇ ಇರ್ಲಿ, ಡಯಾಟಮ್ ತಿನ್ನೋ ಕೋಪಿಪಾಡ್‌ಗಳಿಗೆ ಇಷ್ಟು ದೊಡ್ಡ ಗುಂಡು ನುಂಗೋದು ಕಷ್ಟ, ಇದನ್ನ ಹೊಟ್ಟೆ ತುಂಬ ತಿನ್ನೋದು ಸಾಲ್ಪ್ ಅನ್ನೋ ಪಾರದರ್ಶಕ ಕಡಲಜೀವಿಗಳು ಮತ್ತು ಅಂಬಲಿ ಮೀನುಗಳು, ಬಲೆಗೆ ಬಿದ್ರೆ ಮೀನುಗಾರರಿಗೆ ಅವುಗಳಿಂದ ಮೂರು ಕಾಸಿನ ಪ್ರಯೋಜನ ಇಲ್ಲ.